ಮಾವಿನ ತೋಟ ಗುತ್ತಿಗೆಗೆ ಕೊಡುವವರೇ, ಕೊಯ್ಲಿನ ದಿನವನ್ನು ಬಿಟ್ಟುಕೊಡಬೇಡಿ

ಧಾರವಾಡದ ಸುತ್ತಮುತ್ತ ಆಪೂಸ್ ಮಾವಿನ ತೋಟ ಇರುವವರಲ್ಲಿ ಅನೇಕರು ಫಸಲನ್ನು ತಾವೇ ಕೊಯ್ದು ಮಾರುವುದಿಲ್ಲ. ಹೂ ಬಿಟ್ಟಾಗಲೋ ಕಾಯಿ ಕಚ್ಚಿದಾಗಲೋ ಗುತ್ತಿಗೆದಾರ ಬಂದು, ತೋಟ ಸುತ್ತಿ, ಮರ ನೋಡಿ ಒಂದು ಮೊತ್ತ ಹೇಳುತ್ತಾನೆ. ಸ್ವಲ್ಪ ಮುಂಗಡ, ಉಳಿದದ್ದು ಕೊಯ್ಲು ಮುಗಿದ ಮೇಲೆ ಎಂದು ಮಾತಾಗುತ್ತದೆ. ನಮ್ಮ ಕುಟುಂಬದ ತೋಟವನ್ನೂ ಇದೇ ರೂಢಿಯಂತೆ ಒಬ್ಬರಿಗೆ ಕೊಟ್ಟಿದ್ದೆವು. ಕರಾರು ಪತ್ರದಲ್ಲಿ ಮೊತ್ತವಿತ್ತು, ಕಂತುಗಳಿದ್ದವು, ಕಾವಲಿನವನ ಕೂಲಿ ಯಾರದು ಎಂಬುದೂ ಇತ್ತು. ಕಾಯಿಯನ್ನು ಯಾವಾಗ ಕೊಯ್ಯಬೇಕು ಎಂಬ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ; ನಾನು ಕಂಡ ಯಾವ ಕರಾರಿನಲ್ಲೂ ಅದನ್ನು ಬರೆಯುವ ವಾಡಿಕೆಯಿಲ್ಲ. ಆ ಒಂದು ಸಾಲು ಇಲ್ಲದ್ದರಿಂದ ಏನಾಯಿತು ಎಂಬುದನ್ನು, ಗುತ್ತಿಗೆಯ ಮಾತುಕತೆಗೆ ಕೂರುವ ಮುನ್ನ ಎಲ್ಲ ತೋಟದವರೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಆ ವರ್ಷ ನಮ್ಮ ಮರಗಳು ಎರಡು ಸಲ ಹೂ ಬಿಟ್ಟಿದ್ದವು. ಮೊದಲನೆಯದು ಡಿಸೆಂಬರ್ ಕೊನೆಗೆ, ಎರಡನೆಯದು ಜನವರಿ ಕಳೆಯುವ ಹೊತ್ತಿಗೆ. ಹೀಗಾದಾಗ ಒಂದೇ ಮರದಲ್ಲಿ, ಕೆಲವೊಮ್ಮೆ ಅಕ್ಕಪಕ್ಕದ ಕೊಂಬೆಗಳಲ್ಲೇ, ತಿಂಗಳಷ್ಟು ವಯಸ್ಸಿನ ಅಂತರವಿರುವ ಕಾಯಿಗಳು ತೂಗುತ್ತಿರುತ್ತವೆ. ಆಪೂಸ್ ಕಾಯಿ ಬಲಿಯಲು ಕಚ್ಚಿದ ಮೇಲೆ ಸುಮಾರು ಮೂರೂವರೆಯಿಂದ ನಾಲ್ಕು ತಿಂಗಳು ಬೇಕು. ಆ ಲೆಕ್ಕದಲ್ಲಿ ಮೊದಲ ಹೂವಿನ ಕಾಯಿ ಮೇ ತಿಂಗಳ ಆರಂಭಕ್ಕೆ, ಎರಡನೆಯದು ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ ಕೊಯ್ಲಿಗೆ ಬರಬೇಕಿತ್ತು. ಗುತ್ತಿಗೆದಾರರ ಆಳುಗಳು ಏಪ್ರಿಲ್ ನಡುವಿನಲ್ಲೇ ದೋಟಿ, ಏಣಿ, ಕ್ರೇಟುಗಳೊಂದಿಗೆ ಬಂದಿಳಿದರು. ತಂದೆಯವರು ಕಾಯಿ ಇನ್ನೂ ಎಳೆಯದೆಂದು ಹೇಳಿದಾಗ ಗುತ್ತಿಗೆದಾರರ ಉತ್ತರ ಸಿದ್ಧವಾಗಿತ್ತು: “ಬಣ್ಣಾ ಬಂದೈತಿ ನೋಡ್ರಿ ಸಾವ್ಕಾರ್ರ, ಅಕ್ಷಯ ತದಿಗಿಗೆ ಮಾಲು ಮುಟ್ಟಿದ್ರ ರೇಟ್ ಸಿಗತೈತಿ. ನಾಳೆ ಆಣಿಕಲ್ಲು ಬಿದ್ರ ಲುಕ್ಸಾನ ಯಾರು ತುಂಬಿ ಕೊಡ್ತಾರ್ರಿ?” ಫಸಲು ಅವರದಾಗಿತ್ತು, ಕರಾರು ಅವರ ಪರವಾಗಿತ್ತು. ಸಂಜೆಯೊಳಗೆ ದೊಡ್ಡದು ಸಣ್ಣದು ಎನ್ನದೆ ತೋಟ ಪೂರ್ತಿ ಬರಿದಾಯಿತು.

ಅವರು ಬಣ್ಣವೆಂದದ್ದು ಬಿಸಿಲು ತಾಗುವ ಬದಿಯಲ್ಲಿ ಮೂಡುವ ಕೆಂಪು ಛಾಯೆಯನ್ನು. ಅದಕ್ಕೂ ಬಲಿಯುವುದಕ್ಕೂ ಸಂಬಂಧವಿಲ್ಲ. ಚೆನ್ನಾಗಿ ಬಿಸಿಲು ಬಿದ್ದರೆ ಎಳೆಗಾಯಿಯಲ್ಲೂ ಅದು ಬರುತ್ತದೆ. ಆಳುಗಳು ಬಿಟ್ಟುಹೋದ ಕಾಯಿಗಳನ್ನು ಅದೇ ಸಂಜೆ ಉದ್ದಕ್ಕೆ ಸೀಳಿ ನೋಡಿದೆವು. ಎರಡನೆಯ ಹೂವಿನ ಕಾಯಿಗಳಲ್ಲಿ ಚಾಕು ಗೊರಟೆಯ ಅಂಚನ್ನು ಸಲೀಸಾಗಿ ಕತ್ತರಿಸಿಕೊಂಡು ಹೋಯಿತು. ಮೊದಲ ಹೂವಿನ ಕಾಯಿಗಳಲ್ಲಿ ಗೊರಟೆ ಗಟ್ಟಿಯಾಗಿತ್ತು, ಆದರೆ ಅದಕ್ಕೆ ಅಂಟಿದ ತಿರುಳು ಇನ್ನೂ ಬೆಳ್ಳಗಿತ್ತು. ಹಳದಿಯ ಸುಳಿವೇ ಇರಲಿಲ್ಲ. ಇನ್ನಷ್ಟು ಕಾಯಿಗಳನ್ನು ಎಂದಿನಂತೆ ಭತ್ತದ ಹುಲ್ಲಿನಲ್ಲಿ ಅಡೆ ಹಾಕಿದೆವು. ವಾರ ಕಳೆದಾಗ ತೊಟ್ಟಿನ ಸುತ್ತ ಸಿಪ್ಪೆ ಸುಕ್ಕುಗಟ್ಟಿ ತೊಗಲಿನಂತಾಗಿತ್ತು, ಅಲ್ಲಲ್ಲಿ ಮಂಕು ಹಳದಿ ಬಂದಿತ್ತು, ಕೊಠಡಿಯಲ್ಲಿ ಆಪೂಸಿನ ಪರಿಮಳ ಮಾತ್ರ ಏಳಲೇ ಇಲ್ಲ. ತಿಂದರೆ ಹುಳಿ, ಅದರ ಹಿಂದೆ ಸಪ್ಪೆ.

ಇದಕ್ಕೆ ಕಾರಣ ಸರಳ. ಮಾವು ಕೊಯ್ದ ಮೇಲೆ ಹಣ್ಣಾಗುವ ಜಾತಿಯದು ನಿಜ, ಆದರೆ ಹಣ್ಣಾಗುವಾಗ ಸಕ್ಕರೆಯಾಗಿ ಬದಲಾಗುವುದು ಮರದಲ್ಲಿದ್ದಾಗ ಕಾಯಿ ಕೂಡಿಟ್ಟುಕೊಂಡ ಪಿಷ್ಟ. ಕೂಡಿಡುವ ಮೊದಲೇ ತೊಟ್ಟು ಕತ್ತರಿಸಿದರೆ ಯಾವ ಹುಲ್ಲೂ ಯಾವ ಅನಿಲವೂ ಅದನ್ನು ತುಂಬಿಕೊಡಲಾರದು. ಬೇಗ ಕೊಯ್ದು ಒಳ್ಳೆಯ ದರ ಹಿಡಿಯೋಣ ಎನ್ನುವವರು ಇದನ್ನು ತಿಳಿಯದವರೇನಲ್ಲ. ಹಣ್ಣು ಗಿರಾಕಿಯ ಮನೆಯಲ್ಲಿ ಕೆಡುವ ಹೊತ್ತಿಗೆ ದುಡ್ಡು ಕೈಗೆ ಬಂದಿರುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ.

ನಮ್ಮ ವಿಷಯದಲ್ಲಿ ನಷ್ಟ ಅಲ್ಲಿಗೆ ನಿಲ್ಲಲಿಲ್ಲ. ಮಾಲು ತಿರಸ್ಕೃತವಾಯಿತು, ಮರದ ಕಾಯಿಯೇ ಕಳಪೆ ಎಂದು ಹೇಳಿ ಗುತ್ತಿಗೆದಾರರು ಬಾಕಿ ಹಣದ ದೊಡ್ಡ ಪಾಲನ್ನು ಕೊಡಲಿಲ್ಲ. ತೋಟದ ಹೆಸರು ಕೇಳಿಕೊಂಡು ಮನೆಗೇ ಬಂದು ಹಣ್ಣು ಒಯ್ಯುತ್ತಿದ್ದ ಹಳೆಯ ಗಿರಾಕಿಗಳು ಪೇಟೆಯಲ್ಲಿ ಅದೇ ತೋಟದ್ದೆಂದು ಕೊಂಡು, ನಮ್ಮನ್ನೇ ಕೇಳಿದರು. ಈ ಎರಡನೆಯ ನಷ್ಟವೇ ನನಗೆ ಹೆಚ್ಚು ನೋವಿನದು. ಹಣಕ್ಕಾದರೆ ತಕರಾರು ಮಾಡಬಹುದು.

ಆದ್ದರಿಂದ ದೋಟಿ ಮರಕ್ಕೆ ತಾಗುವ ಮೊದಲು ಕಾಯಿಯನ್ನು ನೀವೇ ನೋಡಿ. ಎಳೆಗಾಯಿಯ ಭುಜಗಳು ತೊಟ್ಟಿನಿಂದ ಕೆಳಕ್ಕೆ ಇಳಿಜಾರಾಗಿರುತ್ತವೆ. ಬಲಿತ ಆಪೂಸಿನಲ್ಲಿ ಭುಜ ತುಂಬಿ ಮೇಲೇರಿ, ತೊಟ್ಟು ಸಣ್ಣ ಕುಳಿಯಲ್ಲಿ ಕೂತಂತೆ ಕಾಣುತ್ತದೆ. ಕಡು ಹಸಿರು ತಿಳಿಯಾಗಿರುತ್ತದೆ. ಮರದ ನಾಲ್ಕು ದಿಕ್ಕಿನಿಂದ, ನೆರಳಿನ ಒಳಕೊಂಬೆಗಳನ್ನೂ ಸೇರಿಸಿ, ಕೆಲವು ಕಾಯಿ ಕಿತ್ತು ಬಕೆಟ್ ನೀರಿಗೆ ಹಾಕಿ: ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಅವುಗಳಲ್ಲೇ ಒಂದೆರಡನ್ನು ಸೀಳಿ, ಗೊರಟೆಯ ಪಕ್ಕದ ತಿರುಳು ಕೆನೆಬಣ್ಣದಿಂದ ಹಳದಿಗೆ ತಿರುಗಿದೆಯೇ ಎಂದು ಪರೀಕ್ಷಿಸಿ. ಮರದಲ್ಲೇ ಹಣ್ಣಾಗಿ ಒಂದೆರಡು ಉದುರಿದರೆ ಕೊಯ್ಲಿಗೆ ಬಂತೆಂಬ ಹಿರಿಯರ ಲೆಕ್ಕ ಒಳ್ಳೆಯದೇ. ಆದರೆ ಹಣ್ಣುನೊಣ ಹೊಡೆದು ಬಿದ್ದದ್ದನ್ನು ಆ ಲೆಕ್ಕಕ್ಕೆ ಹಿಡಿಯಬಾರದು, ಮತ್ತು ಅದು ಮೊದಲ ಹೂವಿನ ಕಾಯಿಗಳ ಬಗ್ಗೆ ಮಾತ್ರ ಹೇಳುತ್ತದೆ, ಇಡೀ ಮರದ ಬಗ್ಗೆ ಅಲ್ಲ.

ಹಾಗೆಂದು ಮರದಲ್ಲೇ ಹಣ್ಣಾಗಲಿ ಎಂದು ಕಾಯುವುದೂ ಆಪೂಸಿಗೆ ಸಲ್ಲದು. ಈ ತಳಿಯಲ್ಲಿ ತಡವಾದಷ್ಟೂ ಸ್ಪಂಜಿ ಟಿಷ್ಯೂ ತೊಂದರೆ ಹೆಚ್ಚುತ್ತದೆ: ಹೊರಗೆ ಯಾವ ಗುರುತೂ ಇಲ್ಲದೆ ಗೊರಟೆಯ ಸುತ್ತಲಿನ ತಿರುಳು ಬಿಳಿಚಿಕೊಂಡು, ಮೆತ್ತಗಾಗಿ, ಹುಳಿ ವಾಸನೆ ಬರುತ್ತದೆ. ಪೂರ್ತಿ ಬಲಿಯುವುದಕ್ಕೆ ತುಸು ಮೊದಲು, ನೂರಕ್ಕೆ ಎಂಬತ್ತೈದರಷ್ಟು ಬಲಿತಾಗ ಕೊಯ್ಯಬೇಕೆಂದು ಹೇಳುವುದು ಇದಕ್ಕಾಗಿಯೇ.

ಕೊಳ್ಳುವವರಿಗೂ ಒಂದು ಮಾತು. ಎಳೆಗಾಯಿಗೆ ಹಳದಿ ಬಣ್ಣ ಬರಿಸಲು ಕಾರ್ಬೈಡ್ ಎಂಬ ರಾಸಾಯನಿಕದ ಪೊಟ್ಟಣಗಳನ್ನು ಕ್ರೇಟಿನಲ್ಲಿ ಇಡುವುದು ಇನ್ನೂ ನಿಂತಿಲ್ಲ. ಅದರಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶ ಇರಬಹುದಾದ್ದರಿಂದ 2011ರ ಆಹಾರ ಸುರಕ್ಷತಾ ನಿಯಮಗಳು ಅದನ್ನು ನಿಷೇಧಿಸಿವೆ. ನಿಯಮ ಒಪ್ಪುವುದು ಎಥಿಲೀನ್ ಅನಿಲವನ್ನು, ಅದೂ 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರು ಭಾಗದ ಮಿತಿಯೊಳಗೆ. ಏಪ್ರಿಲ್ ಮೊದಲಲ್ಲೇ ಒಂದೇ ಸಮನೆ ಹಳದಿಯಾಗಿರುವ, ತೊಟ್ಟಿನ ಬಳಿ ಮೂಸಿದರೂ ವಾಸನೆ ಇಲ್ಲದ ಆಪೂಸ್ ಪೇಟಿಯನ್ನು ಅನುಮಾನದಿಂದಲೇ ನೋಡಿ.

ತೋಟದವರು ಕರಾರಿಗೆ ಸಹಿ ಹಾಕುವ ಮೊದಲು ಈ ಮಾತುಗಳನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಿ: ಕೊಯ್ಲಿನ ದಿನವನ್ನು ಇಬ್ಬರೂ ಕೂಡಿ, ನೀರಿನ ಪರೀಕ್ಷೆ ಮಾಡಿ ಗೊತ್ತುಮಾಡತಕ್ಕದ್ದು, ಎರಡು ಹೂವಿನ ಕಾಯಿಗಳನ್ನು ಬೇರೆ ಬೇರೆ ಸರದಿಯಲ್ಲಿ ಕೊಯ್ಯತಕ್ಕದ್ದು, ಸೊನೆ ಸಿಡಿದು ಸಿಪ್ಪೆ ಸುಡದಂತೆ ತುಸು ತೊಟ್ಟು ಉಳಿಸಿ ಕತ್ತರಿಸತಕ್ಕದ್ದು, ಎಳೆಗಾಯಿ ಕಿತ್ತರೆ ಅದರ ನಷ್ಟ ಗುತ್ತಿಗೆದಾರನದೇ. ಆಣೆಕಲ್ಲಿನ ಭಯ ಸುಳ್ಳಲ್ಲ, ಅದನ್ನು ಯಾರು ಹೊರಬೇಕೆಂಬುದನ್ನೂ ಅಲ್ಲೇ ಬರೆಯಿರಿ, ಇಲ್ಲವಾದರೆ ಅವಸರಕ್ಕೆ ಅದೇ ನೆಪವಾಗುತ್ತದೆ. ಹೂ ಅರಳಿದ ದಿನಾಂಕವನ್ನು ನೀವೇ ಬರೆದಿಟ್ಟುಕೊಂಡು, ಎರಡನೆಯ ಹೂವಿನ ಕೊಂಬೆಗಳಿಗೆ ಬಣ್ಣದ ದಾರ ಕಟ್ಟಿ. ಹಣದ ಕೊನೆಯ ಕಂತು ಕೊನೆಯ ಸರದಿಯ ಕೊಯ್ಲಿಗೆ ಮೊದಲೇ ಕೈಸೇರುವಂತೆ ಗೊತ್ತುಮಾಡಿ. ಇದಕ್ಕೆ ಒಪ್ಪದ ಗುತ್ತಿಗೆದಾರರು ಮೊತ್ತ ಎಷ್ಟು ಹೆಚ್ಚು ಹೇಳಿದರೂ ತೋಟ ಕೊಡಬೇಡಿ.