ಗೋಣಿಕೊಪ್ಪದ ಮದುವೆಗೆ ಕರೆಸಿದ ಬ್ಯಾಂಡು: ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಚೆನ್ನಾಗಿತ್ತು

ಏಪ್ರಿಲ್‌ನಲ್ಲಿ ಚಿಕ್ಕಮ್ಮನ ಮಗಳ ಮದುವೆ ಕೊಡಗಿನ ಗೋಣಿಕೊಪ್ಪದಲ್ಲಿ ಆಯಿತು. ರಿಸೆಪ್ಶನ್‌ಗೆ ಹಾಡಲು ಒಂದು ಬ್ಯಾಂಡ್ ಕರೆಸಿದ್ದೆವು. ನಾಲ್ಕು ಜನ, ಮೂರು ಗಂಟೆ, 40 ಸಾವಿರ ರೂಪಾಯಿ, ಊಟ ನಮ್ಮದು. ಹೆಸರು ಹಾಕುವುದಿಲ್ಲ, ಯಾಕೆಂದರೆ ಬೈಯುವುದೂ ಇದೆ.

ಮೊದಲು ಅದನ್ನೇ ಮುಗಿಸಿಬಿಡುತ್ತೇನೆ. ಆರಕ್ಕೆ ಬರುತ್ತೇವೆ ಎಂದವರು ಬಂದದ್ದು ಏಳೂಕಾಲಿಗೆ. ಆಮೇಲೆ ಅರ್ಧ ಗಂಟೆ ಬರೀ ಹಲೋ ಹಲೋ ಮೈಕ್ ಟೆಸ್ಟಿಂಗ್. ಅಷ್ಟು ಹೊತ್ತು ವಾಲಗದವರೇ ಮಾನ ಉಳಿಸಿದರು. ಮಾವಂದಿರೆಲ್ಲ ಚೆನ್ನಾಗಿ ಕುಣಿದು ಬೆವರು ಒರೆಸಿಕೊಳ್ಳುತ್ತಾ ಬಂದು ಕೂತರು, ಅವರ ಮುಂದೆ ಇವರು ಲ್ಯಾಪ್‌ಟಾಪ್‌ನಲ್ಲಿ ಟ್ರ್ಯಾಕ್ ಹಾಕಿಕೊಂಡು ಡ್ಯಾನ್ಸ್ ಹಾಡು ಶುರು ಮಾಡಿದರು. ಮೂಲ ಹಾಡಿನವರು ಎಲ್ಲಿ ಉಸಿರು ಎಳೆದಿದ್ದಾರೋ ಇವರೂ ಅಲ್ಲೇ ಎಳೆಯುತ್ತಾರೆ. ಇದಕ್ಕೆ 40 ಸಾವಿರ ಯಾಕೆ, ಪೆನ್‌ಡ್ರೈವ್ ಸಾಕಿತ್ತು ಅಲ್ವಾ?

ಎಂಟೂವರೆಗೆ ಪಂದಿ ಕರಿ, ಕಡಂಬುಟ್ಟು ಬಂತು, ಜನ ಅತ್ತ ಹೋದರು. ಮುಂದೆ ಉಳಿದವರು ಹದಿನೈದು ಜನ ಇರಬಹುದು. ಇನ್ನು ಯಾರು ನೋಡುತ್ತಾರೆ ಅನ್ನಿಸಿತೋ ಏನೋ, ಲ್ಯಾಪ್‌ಟಾಪ್ ಮುಚ್ಚಿದರು. ಹಾಡುವ ಹುಡುಗಿ ಚಪ್ಪಲಿ ಬಿಟ್ಟು ಸ್ಟೂಲ್ ಎಳೆದುಕೊಂಡು ಕೂತಳು. ಗಿಟಾರಿನ ಹುಡುಗ ಕೇಪೋ (ತಂತಿ ಒತ್ತಿ ಹಿಡಿಯುವ ಕ್ಲಿಪ್ಪು) ತೆಗೆದು ಶ್ರುತಿ ಇಳಿಸಿಕೊಂಡ. 'ಅನಿಸುತಿದೆ ಯಾಕೋ ಇಂದು' ಶುರುವಾಯಿತು.

ನಿಜ ಹೇಳಬೇಕೆಂದರೆ ಆ ಹಾಡು ನನಗೆ ಸಾಕಾಗಿತ್ತು. 'ಮುಂಗಾರು ಮಳೆ' ಬಂದದ್ದು 2006ರಲ್ಲಿ, ಕಥೆಯೂ ಮಡಿಕೇರಿಯದೇ, ಹಾಗಾಗಿ ನಮ್ಮ ಕಡೆ ಬಸ್ಸು, ಬೇಕರಿ, ಹೋಮ್‌ಸ್ಟೇ ಎಲ್ಲಾ ಕಡೆ ಅದೇ. ಸೋನು ನಿಗಮ್ ಹಾಡಿದ್ದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ, ಜೇನು. ಆದರೆ ಅಲ್ಲಿ ಹುಡುಗನಿಗೆ ಅನುಮಾನವೇ ಇಲ್ಲ, ಮೊದಲ ಸಾಲಿಗೇ ಪ್ರೀತಿ ಖಾತ್ರಿಯಾಗಿಬಿಟ್ಟಿದೆ. ಇವಳು ನಿಧಾನಕ್ಕೆ, ಕೆಳಗಿನ ದನಿಯಲ್ಲಿ ಹಾಡಿ 'ಯಾಕೋ' ಎಂದು ನಿಲ್ಲಿಸಿದಳು. ನಿಜವಾಗಲೂ ಯಾಕೆ ಅಂತ ಗೊತ್ತಿಲ್ಲದವಳ ಹಾಗೆ. 'ನನ್ನವಳೆಂದು' ಅನ್ನುವುದನ್ನು 'ನನ್ನವನೆಂದು' ಮಾಡಿಕೊಳ್ಳಬಹುದಿತ್ತು, ಮಾಡಲಿಲ್ಲ. ಎದುರಿಗಿದ್ದ ಮದುಮಗಳನ್ನು ನೋಡುತ್ತಾ ಹಾಗೇ ಹಾಡಿದಳು, ಚಿಕ್ಕಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡರು. ಮೂಲಕ್ಕಿಂತ ಮೇಲೆ ಅಂದರೆ ಜಗಳಕ್ಕೆ ಬರಬೇಡಿ, ಆ ರಾತ್ರಿ ನನಗೆ ಹಾಗೇ ಕೇಳಿಸಿತು.

ಯಾರು ಹಾಡುತ್ತಾರೆ ಅನ್ನುವುದರಲ್ಲೇ ಹಾಡು ಬದಲಾಗುತ್ತದೆ. ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ 1965ರಲ್ಲಿ 'ರೆಸ್ಪೆಕ್ಟ್' ಹಾಡಿದಾಗ ಅದು ಮನೆಗೆ ಬಂದ ಗಂಡಸು ಮರ್ಯಾದೆ ಕೇಳುವ ಹಾಡು. 1967ರಲ್ಲಿ ಗಾಯಕಿ ಅರೀತಾ ಫ್ರಾಂಕ್ಲಿನ್ ಅದನ್ನೇ ಹೆಂಗಸಿನ ಬಾಯಲ್ಲಿ ಇಟ್ಟರು. ಆರ್-ಇ-ಎಸ್-ಪಿ ಅಂತ ಅಕ್ಷರ ಬಿಡಿಸಿ ಹೇಳುವ ಭಾಗ ಮೂಲದಲ್ಲಿ ಇರಲೇ ಇಲ್ಲ, ಈಗ ಅದಿಲ್ಲದೆ ಹಾಡೇ ನೆನಪಾಗುವುದಿಲ್ಲ. ನೈನ್ ಇಂಚ್ ನೇಲ್ಸ್ ಎಂಬ ಅಮೆರಿಕದ ರಾಕ್ ಬ್ಯಾಂಡಿನ 'ಹರ್ಟ್' 1994ರದ್ದು. 2002ರಲ್ಲಿ ಎಪ್ಪತ್ತು ವರ್ಷದ ಗಾಯಕ ಜಾನಿ ಕ್ಯಾಶ್ ಒಡೆದ ದನಿಯಲ್ಲಿ ಹಾಡಿದ ಮೇಲೆ, ಅದನ್ನು ಬರೆದ ಟ್ರೆಂಟ್ ರೆಜ್ನರ್ ಅವರೇ ಈ ಹಾಡು ಇನ್ನು ನನ್ನದಲ್ಲ ಅಂದುಬಿಟ್ಟರು.

ಆಮೇಲೆ ಯಾರೋ 'ಗುಡುಗುಡಿಯ ಸೇದಿ ನೋಡೋ' ಕೇಳಿದರು. ಅದನ್ನು ಬರೆದ ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ, ಅವರ ದನಿ ಕೇಳಿದವರು ನಮ್ಮಲ್ಲಿ ಯಾರೂ ಇಲ್ಲ. ಷರೀಫರ ಪದ ಅಂದ ಕೂಡಲೇ ನಮ್ಮ ಕಿವಿಗೆ ಬರುವುದು ಸಿ. ಅಶ್ವಥ್, ಅದನ್ನೇ ಮೂಲ ಅಂದುಕೊಂಡಿದ್ದೇವೆ. ರಘು ದೀಕ್ಷಿತ್ ಗಿಟಾರ್ ಹಿಡಿದು ಇದನ್ನು ಹಾಡಿದ್ದು 2008ರಲ್ಲಿ, ನನಗೆ ಅದು ತುಂಬಾ ಇಷ್ಟ. ಆದರೆ ಗಿಟಾರಿನ ಹುಡುಗ ರಘು ಅವರ ಗಂಟಲನ್ನೇ ತರಲು ಹೋಗಿ ಕೆಮ್ಮಿದ. ಪಾಪ. ನೀರು ಕೊಟ್ಟೆವು.

ಐದಕ್ಕೆ ಮೂರು ಕೊಡುತ್ತೇನೆ. ಕರೆಸುವುದಾದರೆ ಅಡ್ವಾನ್ಸ್ ಕೊಡುವಾಗಲೇ ಟ್ರ್ಯಾಕ್ ಬೇಡ ಎಂದು ಹೇಳಿ, ಬರಬೇಕಾದ ಹೊತ್ತಿಗಿಂತ ಒಂದು ಗಂಟೆ ಮುಂಚಿನ ಸಮಯವನ್ನೇ ಹೇಳಿ. ಡಿಸೆಂಬರ್‌ನಲ್ಲಿ ಅಣ್ಣನ ಹೊಸ ಮನೆಯ ಗೃಹಪ್ರವೇಶ ಇದೆ. ಆ ಹುಡುಗಿ ಮತ್ತು ಗಿಟಾರಿನವನು ಇಬ್ಬರೇ ಬಂದರೆ ಸಾಕು ಎಂದಿದ್ದೇನೆ. 18 ಸಾವಿರ ಕೇಳುತ್ತಿದ್ದಾರೆ, ನಾನು 15ರಲ್ಲಿ ನಿಂತಿದ್ದೇನೆ.