ಹೊಸತೊಡಕಿಗೆ ಟರ್ಕಿ ಕೋಳಿ: ಸಾರಿಗೆ ಸೈ, ಓವನ್‌ಗೆ ಬೇಡ

ಹೊಸತೊಡಕು ಅಂದರೆ ನಮ್ಮ ಹೊಸೂರು ಕಡೆ ಮಟನ್ನೇ. ಬೆಳಗಿನ ಜಾವಕ್ಕೇ ಅಂಗಡಿ ಮುಂದೆ ಸಾಲು. ಈ ಸಲ ಆ ಸಾಲೇ ಬೇಡ ಅಂತ ಡೆಂಕಣಿಕೋಟೆ ರಸ್ತೆಯ ಒಂದು ತೋಟದಿಂದ ಟರ್ಕಿ ಕೋಳಿ ತಂದೆವು. ಬೋರ್ಡಿನಲ್ಲಿ ‘ಹೆರಿಟೇಜ್ ಟರ್ಕಿ’ ಅಂತ ದೊಡ್ಡದಾಗಿ ಬರೆದಿತ್ತು. ಜೀವಂತ ತೂಕಕ್ಕೆ ಕಿಲೋ 450 ರೂಪಾಯಿ.

ಬೋರ್ಡು ನೋಡಿ ಮರುಳಾಗುವವಳಲ್ಲ ನಾನು. ಅಮೆರಿಕದಲ್ಲಿ ಈ ಹೆಸರಿಗೆ ಒಂದು ಲೆಕ್ಕ ಇದೆ. ಹಕ್ಕಿಗಳು ತಾವೇ ಕೂಡಿ ಮರಿ ಮಾಡಬೇಕು. ಹೊರಗೆ ಮೇಯ್ದು ಬಹಳ ವರ್ಷ ಬಾಳಬೇಕು. ನಿಧಾನಕ್ಕೆ ಬೆಳೆಯಬೇಕು, ಕೊಯ್ಯುವ ತೂಕಕ್ಕೆ ಬರಲು ಸುಮಾರು 28 ವಾರ. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಅಂಗಡಿಯಲ್ಲಿ ಸಿಗುವ ಬಿಳಿ ಟರ್ಕಿಗೆ ಎದೆ ಎಷ್ಟು ದಪ್ಪ ಅಂದರೆ, ಅವು ಕೂಡುವುದಕ್ಕೇ ಆಗುವುದಿಲ್ಲ. ಕೃತಕ ಗರ್ಭಧಾರಣೆಯೇ ಗತಿ. ಬ್ರಾಂಜ್, ನರಗಾನ್ಸೆಟ್, ಬೂರ್ಬನ್ ರೆಡ್ ಇವೆಲ್ಲ ಹಳೇ ತಳಿಗಳು.

ಈ ತೋಟದಲ್ಲಿ ಇದ್ದದ್ದು ಕಂಚಿನ ಬಣ್ಣದವು. ಯಾವ ತಳಿ ಅಂತ ಕೇಳಿದರೆ ‘ನಾಟಿನೇ ಅಕ್ಕಾ’ ಅಂದರು. ಆದರೆ ತೆಂಗಿನ ಬುಡದಲ್ಲಿ ಒಂದು ಹೆಣ್ಣು ಕಾವಿಗೆ ಕೂತಿತ್ತು. ಇನ್ನೊಂದರ ಹಿಂದೆ ಮರಿಗಳು ಓಡಾಡುತ್ತಿದ್ದವು. ಬೋರ್ಡಿನ ಮಾತು ಅರ್ಧವಾದರೂ ನಿಜ ಅಂತ ಒಪ್ಪಿಕೊಂಡೆ.

ಕೊಯ್ದು ಕೊಡುತ್ತಾರೆ, ಆದರೆ ಪುಕ್ಕ ಕೀಳುವುದು ಅರೆಬರೆ. ಕಪ್ಪು ಪುಕ್ಕದ ಬುಡ ಚರ್ಮದಲ್ಲೇ ಚುಕ್ಕೆ ಚುಕ್ಕೆಯಾಗಿ ಉಳಿದಿತ್ತು. ವ್ಯಾಪಾರಕ್ಕೆ ಬಿಳಿ ಹಕ್ಕಿಯೇ ಯಾಕೆ ಬೇಕು ಅನ್ನುವುದು ಇದನ್ನು ನೋಡಿದರೆ ಗೊತ್ತಾಗುತ್ತದೆ. ಅತ್ತೆ ಬೈದುಕೊಂಡೇ ಒಂದೊಂದಾಗಿ ಕಿತ್ತು, ಅರಿಶಿನ ಹಚ್ಚಿ ಬೆಂಕಿಯಲ್ಲಿ ಸುಟ್ಟರು. ಈ ದುಡ್ಡಿಗೆ ಇಷ್ಟು ಕೆಲಸ ನಮ್ಮ ತಲೆಗೆ ಬರಬಾರದಿತ್ತು.

ತೊಡೆ ಮಾಂಸ ಮಾತ್ರ ಅದ್ಭುತ! ಕಪ್ಪಗೆ, ಗಟ್ಟಿಯಾಗಿ, ರುಚಿಯಲ್ಲಿ ಕೋಳಿಗಿಂತ ಮಟನ್‌ಗೇ ಹತ್ತಿರ. ಸಣ್ಣ ಈರುಳ್ಳಿ, ಹುರಿದ ಕೊತ್ತಂಬರಿ ಬೀಜ, ಗಸಗಸೆ, ಕಾಯಿ ಹಾಕಿ ನಾಟಿ ಕೋಳಿ ಸಾರಿನ ಥರವೇ ಮಾಡಿದೆವು. ಬೇಯುವುದಕ್ಕೆ ಜಾಸ್ತಿ ಹೊತ್ತು ಬೇಕು. ಮೊಣಕಾಲಿನ ಕೆಳಗಿನ ನರಗಳು ಕಡ್ಡಿಯಷ್ಟು ಗಟ್ಟಿ, ಮಕ್ಕಳ ತಟ್ಟೆಗೆ ಹಾಕುವ ಮುಂಚೆ ತೆಗೆಯಿರಿ. ರಾಗಿ ಮುದ್ದೆಗೆ ಆ ಸಾರು ಎಷ್ಟು ಹೊಂದಿತು ಅಂದರೆ, ಮಟನ್ ಇಲ್ಲ ಅಂತ ಮುಖ ಊದಿಸಿಕೊಂಡಿದ್ದ ಮಾವನೂ ಎರಡನೇ ಮುದ್ದೆ ಕೇಳಿದರು.

ಎದೆ ಮಾಂಸದ್ದು ಬೇರೆ ಕಥೆ. ಮೈದುನ ಅದನ್ನು ಓವನ್‌ಗೆ ಇಟ್ಟ. ಕೊಬ್ಬು ಕಡಿಮೆ, ಬೇಗ ಒಣಗುತ್ತದೆ. ನೀರು ಕುಡಿದು ನುಂಗಬೇಕಾಯಿತು. ಉಳಿದದ್ದನ್ನು ಮಾರನೇ ದಿನ ಸಣ್ಣಗೆ ಸೀಳಿ ಮೆಣಸು ಹಾಕಿ ಹುರಿದಾಗ ಪರವಾಗಿಲ್ಲ ಅನ್ನಿಸಿತು.

5 ಕಿಲೋ ಹೆಣ್ಣು, ಕ್ಲೀನ್ ಆದ ಮೇಲೆ ಮೂರೂಮುಕ್ಕಾಲು ಕಿಲೋ. ಅಂದರೆ ಮಾಂಸ ಕಿಲೋಗೆ 600 ಬಿತ್ತು. ಮಟನ್‌ಗಿಂತ ಕಡಿಮೆಯೇ, ಅಲ್ವಾ? ಹತ್ತು ಜನ ಇರುವ ಮನೆಗೆ ಧಾರಾಳವಾಗಿ ತರಬಹುದು. ಯುಗಾದಿ ಹತ್ತಿರ ಬಂದಾಗ ಹೋದರೆ ದೊಡ್ಡ ಗಂಡುಗಳೇ ಉಳಿದಿರುತ್ತವೆ. ಮೊದಲೇ ಹೇಳಿಟ್ಟು ಹೆಣ್ಣನ್ನೇ ಕೇಳಿ. ಗಂಡು ಕುಕ್ಕರ್‌ಗೂ ಹಿಡಿಯುವುದಿಲ್ಲ, ಹಲ್ಲಿಗೂ ಕಷ್ಟ.