ಡಬಲ್ ಸೆಕೆಂಡ್ಸ್: ಹೆಸರು ಟೆನರ್‌ಗೆ, ದುಡಿಮೆ ಇದರದ್ದು

ಉಕ್ಕಿನ ಪೀಪಾಯಿಯಿಂದ ಮಾಡಿ ಕೋಲಿನಿಂದ ಬಾರಿಸುವ ‘ಪ್ಯಾನ್’ಗಳ ಮೇಳವೇ ಸ್ಟೀಲ್‌ಬ್ಯಾಂಡ್. ಅದನ್ನು ಕೇಳುವಾಗ ಎಲ್ಲರ ಕಿವಿ ಮೇಲಿನ ಸ್ಥಾಯಿಯ ಟೆನರ್ ಪ್ಯಾನ್ ಕಡೆಗೇ. ಹಾಡಿನ ಧಾಟಿ ಅದರ ಪಾಲು ತಾನೇ. ಆದರೆ ಟ್ರಿನಿಡಾಡ್‌ನಲ್ಲಿ 1963ರಲ್ಲಿ ಶುರುವಾದ ಪನೋರಮಾ ಸ್ಟೀಲ್‌ಬ್ಯಾಂಡ್ ಸ್ಪರ್ಧೆಯ ಯಾವ ರೆಕಾರ್ಡಿಂಗ್ ಹಾಕಿದರೂ, ಟೆನರ್‌ಗೂ ಬಾಸ್‌ಗೂ ನಡುವೆ ತುಂಬಿಕೊಂಡಿರುವ ನಾದದಲ್ಲಿ ಎರಡು ಪ್ಯಾನ್‌ಗಳ ಜೋಡಿಯಾದ ಡಬಲ್ ಸೆಕೆಂಡ್ಸ್‌ನ ಪಾಲು ದೊಡ್ಡದು. ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಂಪುಗಳನ್ನು) ಗಿಟಾರ್ ಮೀಟಿದಂತೆ ತಾಳಕ್ಕೆ ಸ್ಟ್ರಮ್ ಮಾಡುವುದು, ಬೇಕಾದಾಗ ಧಾಟಿಗೆ ಕೆಳಗಿನ ಸ್ಥಾಯಿಯಲ್ಲಿ ಜೊತೆಯಾಗುವುದು, ಎರಡೂ ಇದಕ್ಕೆ ಬರುತ್ತದೆ. ಸಣ್ಣ ಬ್ಯಾಂಡ್ ಕಟ್ಟುವವರು ಟೆನರ್ ಆದ ಮೇಲೆ ಕೊಳ್ಳಬೇಕಾದ್ದು ಇದನ್ನೇ. ಸಿಕ್ಸ್ ಬಾಸ್ ಎಂದರೆ ಪೂರ್ತಿ ಎತ್ತರದ ಆರು ಪೀಪಾಯಿ, ಒಂದೊಂದರಲ್ಲಿ ಮೂರೇ ಸ್ವರ; ಸಾಗಿಸಲು ಟೆಂಪೋ ಬೇಕು. ಸದ್ಯಕ್ಕೆ ಬಾಸ್ ಗಿಟಾರ್ ಸಾಕು.

ಡಬಲ್ ಸೆಕೆಂಡ್ಸ್‌ನ ಸಾಮಾನ್ಯ ಜೋಡಣೆಯಲ್ಲಿ ಹನ್ನೆರಡು ಸ್ವರಸ್ಥಾನಗಳು ಒಂದು ಬಿಟ್ಟು ಒಂದರಂತೆ ಎರಡು ಪ್ಯಾನ್‌ಗಳಿಗೆ ಹಂಚಿರುತ್ತವೆ. ‘ಸಿ’ಯನ್ನು ಷಡ್ಜ ಮಾಡಿಕೊಂಡು ಶಂಕರಾಭರಣ ನುಡಿಸಿ: ಸರಿಗ ಒಂದು ಪ್ಯಾನ್‌ನಲ್ಲಿ, ಮಪದನಿ ಇನ್ನೊಂದರಲ್ಲಿ. ಕೈಗೆ ಬೇಗ ಕೂರುತ್ತದೆ. ಗಮಕದ ಆಸೆ ಮಾತ್ರ ಬೇಡ, ಸ್ವರ ಜಾರುವುದಿಲ್ಲ.

ಕೊಳ್ಳುವಾಗ ಒಂದೊಂದು ಸ್ವರವನ್ನೂ ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ ಬಾರಿಸಿ. ಜೋರಿಗೆ ಶ್ರುತಿ ಅಲುಗಿದರೆ, ಜುಂಯ್ ಎಂದರೆ, ಪಕ್ಕದ ಸ್ವರ ಎದ್ದು ಕೇಳಿದರೆ ಬಿಟ್ಟುಬಿಡಿ. ಕ್ರೋಮ್ ಲೇಪನ ತುಕ್ಕು ತಡೆಯುತ್ತದೆ ನಿಜ, ಆದರೆ ಲೇಪನದಲ್ಲಿ ಶ್ರುತಿ ಕದಲುತ್ತದೆ. ಆಮೇಲೆ ಮತ್ತೆ ಶ್ರುತಿ ಮಾಡಿದ್ದಾರೆಯೇ ಎಂದು ಕೇಳಿ. ಅಂಚಿನಲ್ಲಿ ನೆಗ್ಗು ಇದ್ದರೆ ಚೌಕಾಸಿಗೂ ಇಳಿಯಬೇಡಿ.

ಬಿಸಿಲಲ್ಲಿ ಬಿಟ್ಟರೆ ಲೋಹ ಕಾದು ಶ್ರುತಿ ಇಳಿಯುತ್ತದೆ, ತಣ್ಣಗಾದರೆ ಹೆಚ್ಚಾಗಿ ಮರಳುತ್ತದೆ. ಅತಿ ಜೋರಾಗಿ ಬಾರಿಸಿ ಕೆಡಿಸಿದ್ದು ಮರಳದು, ಅದಕ್ಕೆ ಟ್ಯೂನರ್‌ನ ಸುತ್ತಿಗೆಯೇ ಬೇಕು. ಟ್ಯೂನರ್ ಎಲ್ಲಿ ಸಿಗುತ್ತಾರೆ ಎಂಬುದನ್ನು ದುಡ್ಡು ಕೊಡುವ ಮುಂಚೆಯೇ ವಿಚಾರಿಸಿ. ಸ್ವಂತ ಸುತ್ತಿಗೆ ಮುಟ್ಟಬೇಡಿ: ಒಂದು ಸ್ವರ ಸರಿಮಾಡಲು ಹೋದರೆ ಪಕ್ಕದ್ದೂ ಕೆಡುತ್ತದೆ.

ಕೋಲುಗಳನ್ನು ಬೇರೆ ತೆಗೆದುಕೊಳ್ಳಿ. ಟೆನರ್ ಕೋಲಿನ ರಬ್ಬರ್ ತೆಳು. ಅದರಲ್ಲಿ ಸೆಕೆಂಡ್ಸ್‌ನ ಕೆಳಸ್ವರ ಬಾರಿಸಿದರೆ ಬರೀ ತಗಡಿನ ಸದ್ದು.